ಜೋಡುಗಾಳ ಮತ್ತು ಹುಸಿ ಎರೆ



ಎರೆ ಎಂಬ ಮಾತಿಗೆ ನಮ್ಮ ವಿಜಯಪುರದ ಸೀಮೆಯಲ್ಲಿ ಎರಡು ಅರ್ಥಗಳುಂಟು. ಬಿಳಿಜೋಳ ಬೆಳೆಯುವ ಕಪ್ಪು ನೆಲ ಎರೆ. ಗಾಳದ ತುದಿಗೆ ಸಿಕ್ಕಿಸಿ ಮೀನಿಗೆ ಒಡ್ಡುವ ತುತ್ತೂ ಎರೆ. ಮೊದಲನೆಯ ಎರೆಯನ್ನು ಕುರಿತು ರೈತರ ಕಾರ್ಯಕ್ರಮಗಳಲ್ಲಿ ಬೇಕಾದಷ್ಟು ಕೇಳಿದ್ದೀರಿ. ಈ ಹೊತ್ತು ಎರಡನೆಯದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮನೆಯಲ್ಲಿ ಸಿಕ್ಕುವ ಸಾಮಾನುಗಳಿಂದಲೇ ಗಾಳ ಹೂಡುವುದು ಹೇಗೆ, ಮೀನನ್ನು ಮೋಸಗೊಳಿಸುವ ಹುಸಿ ಎರೆಯನ್ನು ಮಾಡುವುದು ಹೇಗೆ, ಒಂದೇ ದಾರಕ್ಕೆ ಎರಡು ಗಾಳಗಳನ್ನು ಸಿಕ್ಕಾಗದಂತೆ ಕಟ್ಟುವುದು ಹೇಗೆ ಎಂಬುದೇ ಇಂದಿನ ವಿಷಯ.

‘ನಮ್ಮ ಮನೆಯಲ್ಲಿ ಮೀನು ಒಲೆಗೆ ಬರುವುದಿಲ್ಲ, ನಮಗೇಕೆ ಈ ಮಾತು?’ ಎಂದು ಕೆಲವರು ಕೇಳಬಹುದು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸುತ್ತ ಅಂಥ ಮನೆಗಳು ಬಹಳ. ಆದರೆ ಸೂಟಿಯ ದಿನ ನಿಮ್ಮ ಹುಡುಗನೂ ನೆರೆಮನೆಯ ಹುಡುಗನ ಜೊತೆಗೆ ಹೊಳೆಯ ದಂಡೆಗೆ ಹೋಗುತ್ತಾನೆ. ದಂಡೆಯಲ್ಲಿ ಯಾರೋ ಬಿಟ್ಟುಹೋದ ಗಾಳ ನಿಮ್ಮ ಎಮ್ಮೆಯ ಬಾಯಿಗೂ ಚುಚ್ಚೀತು, ನಿಮ್ಮ ಮಗುವಿನ ಅಂಗಾಲಿಗೂ ಚುಚ್ಚೀತು. ಆದುದರಿಂದ ಮೀನು ತಿನ್ನುವವರಿಗೆ ಎಷ್ಟು ಬೇಕೋ, ತಿನ್ನದವರಿಗೂ ಈ ತಿಳಿವಳಿಕೆ ಅಷ್ಟೇ ಬೇಕು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದರೆ ಮಳೆ ಕಡಿಮೆಯ ನಾಡು ಎಂದೇ ಹೊರಗಿನವರ ಎಣಿಕೆ. ಆದರೆ ಈ ನಾಡಿನ ಎರಡು ಅಂಚುಗಳಲ್ಲಿ ಎರಡು ದೊಡ್ಡ ಹೊಳೆಗಳು ಹರಿಯುತ್ತವೆ. ಉತ್ತರದಲ್ಲಿ ಭೀಮೆ, ಧೂಳಖೇಡದ ಹತ್ತಿರ, ದೇವಣಗಾಂವದ ಸೇತುವೆಯ ಕೆಳಗೆ ಅದನ್ನು ನೀವು ಕಂಡೇ ಇದ್ದೀರಿ. ದಕ್ಷಿಣದಲ್ಲಿ ಕೃಷ್ಣೆ, ಕೊಲ್ಹಾರ, ಆಲಮಟ್ಟಿ, ತಂಗಡಗಿಗಳ ಬದಿಯಲ್ಲಿ ಅದರ ಹರಿವು. ಹಳೆಯ ತಾಲ್ಲೂಕುಗಳನ್ನು ಒಡೆದು ಈಗ ಕೊಲ್ಹಾರ, ನಿಡಗುಂದಿ, ಚಡಚಣ, ಆಲಮೇಲಗಳು ಬೇರೆ ತಾಲ್ಲೂಕುಗಳಾಗಿವೆಯಾದರೂ ಹೊಳೆಗಳು ಅವೇ.

ಹೊಳೆಗಳು ಅವೇ ಆದರೂ ನೀರಿನ ಸ್ವಭಾವ ಮಾತ್ರ ಬದಲಾಗಿದೆ. ೧೯೬೪ನೆಯ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಕೆಳಗಡೆ ನಾರಾಯಣಪುರದ ಅಣೆಕಟ್ಟು ೧೯೮೨ರ ಹೊತ್ತಿಗೆ ಮುಗಿಯಿತು. ಬೇಸಿಗೆಯಲ್ಲಿ ಕಲ್ಲುಬಂಡೆ ತೋರಿಸುತ್ತಿದ್ದ ಹೊಳೆ ಹಲವು ಕಡೆ ನಿಂತ ನೀರಿನ ಕಡಲಾಯಿತು. ಹರಿಯುವ ನೀರಿನ ಮೀನು ಬೇರೆ, ನಿಂತ ನೀರಿನ ಮೀನು ಬೇರೆ. ಇಲಾಖೆಯವರು ಮರಿಗಳನ್ನು ತಂದು ಬಿಟ್ಟರು. ಗಂಗೆಯ ಬಯಲಿನ ರೋಹು, ಮೃಗಾಲಗಳು ಇಲ್ಲಿಯವೇ ಆದವು. ಹೀಗಾಗಿ ಮುತ್ತಾತನ ಕಾಲದ ಗಾಳದ ಲೆಕ್ಕ ಮೊಮ್ಮಗನ ಕಾಲಕ್ಕೆ ಪೂರ್ತಿ ಹೊಂದುವುದಿಲ್ಲ.

ಗಾಳ ಹಾಕುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಈ ನಾಡನ್ನಾಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ಬರೆಸಿದನು. ಅದರಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಪ್ರಕರಣವೇ ಇದೆ. ಸುಮಾರು ಮೂವತ್ತೈದು ಬಗೆಯ ಮೀನುಗಳು ಅಲ್ಲಿ ಹೆಸರುಗೊಂಡಿವೆ. ಹುರುಪೆಯುಳ್ಳ ಮೀನು, ಹುರುಪೆಯಿಲ್ಲದ ಮೀನು ಎಂಬ ವಿಭಾಗವಿದೆ. ಯಾವುದಕ್ಕೆ ಯಾವ ಆಹಾರವನ್ನು ಒಡ್ಡಬೇಕೆಂಬ ವಿವರವಿದೆ. ಮೀನುಗಳ ಶಾಸ್ತ್ರಜ್ಞರಾಗಿದ್ದ ಸುಂದರ್ ಲಾಲ್ ಹೋರಾ ಅವರು ೧೯೫೧ರಲ್ಲಿ ಈ ಪ್ರಕರಣವನ್ನು ಕುರಿತು ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು.

ಬಹುಕಾಲದ ನಂತರ ಇಂಗ್ಲಿಷರೂ ನಮ್ಮ ಹೊಳೆಗಳ ಮೀನುಗಳಿಗೆ ಮನಸೋತರು. ಸೈಕ್ಸ್ ಎಂಬ ಸೈನಿಕ ಅಧಿಕಾರಿ ೧೮೩೯ರಲ್ಲಿ ದಖನ್ನಿನ ಮೀನುಗಳನ್ನು ವರ್ಣಿಸಿದನು. ಭೀಮೆಗೆ ಸೇರುವ ಪುಣೆಯ ಕಡೆಯ ಮುಳಾ ಮುಠಾ ನದಿಯ ದೊಡ್ಡ ಹುರುಪೆಯ ಮೀನೊಂದು, ಅದೇ ಮಹಶೀರ್, ಅವನ ಬರಹದಿಂದಲೇ ಶಾಸ್ತ್ರದಲ್ಲಿ ಹೆಸರು ಪಡೆಯಿತು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತನು ಭಾರತದಲ್ಲಿ ಗಾಳ ಹಾಕುವುದನ್ನು ಕುರಿತ ದೊಡ್ಡ ಪುಸ್ತಕವನ್ನು ೧೮೭೩ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಅಚ್ಚು ಹಾಕಿಸಿದನು. ದೊರೆಗೂ ಅಧಿಕಾರಿಗೂ ಇದು ವಿನೋದ. ಹರಿಗೋಲು ಹಾಕುವ ಅಂಬಿಗರಿಗೆ ಮಾತ್ರ ಇದು ಎಂದಿಗೂ ಹೊಟ್ಟೆಯ ಮಾತು. ಈ ಭೇದವನ್ನು ನಾವು ಮರೆಯಬಾರದು. ಮುಂದೆ ಮತ್ತೆ ಅದರ ಪ್ರಸ್ತಾಪ ಬರುತ್ತದೆ.

ಈಗ ಕೆಲಸಕ್ಕೆ ಬರೋಣ. ಗಾಳವನ್ನು ಕಟ್ಟುವ ಮೊದಲು ಮೀನಿನ ಬಾಯಿಯನ್ನು ತಿಳಿದುಕೊಳ್ಳಬೇಕು. ಕಾಟ್ಲಾ ಮೀನಿನ ಬಾಯಿ ಮೇಲ್ಮೊಗವಾಗಿದೆ. ಅದು ನೀರಿನ ಮೇಲಿನ ಪದರದಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲದ ಬಾಯಿ ಕೆಳಮೊಗ. ಅದು ತಳದ ಕೆಸರಿನಲ್ಲಿ ಹುಡುಕುತ್ತದೆ. ಮೀಸೆಯುಳ್ಳ ಗಿರ್ಲು ಕೂಡ ತಳದ್ದೇ. ಸಂಜೆಯ ಮಬ್ಬಿನಲ್ಲಿ ಚುರುಕಾಗುತ್ತದೆ, ಎರೆಹುಳುವೆಂದರೆ ಅದಕ್ಕೆ ಪ್ರಾಣ. ಕೊರವ ಮೀನು ಬೇಟೆಗಾರ. ಆಪು ಜೊಂಡುಗಳ ನೆರಳಲ್ಲಿ ಹೊಂಚುಹಾಕಿ, ಕಪ್ಪೆ ಮತ್ತು ಸಣ್ಣ ಮೀನುಗಳ ಮೇಲೆ ಎರಗುತ್ತದೆ. ಬಾಳೆ ಮೀನು ಅದಕ್ಕಿಂತಲೂ ದೊಡ್ಡ ಬಾಯಿಯ ಬೇಟೆಗಾರ. ಮೇಯುವ ಮೀನಿಗೆ ಹಿಟ್ಟಿನ ಎರೆ, ಬೇಟೆಯಾಡುವ ಮೀನಿಗೆ ಚಲಿಸುವ ಎರೆ. ಇಷ್ಟು ನೆನಪಿಟ್ಟರೆ ಅರ್ಧ ವಿದ್ಯೆ ಬಂದಂತೆ.

ಕೋಲಿಗೆ ಗಟ್ಟಿ ಬಿದಿರು ಸಾಕು. ನಿಮ್ಮ ಎತ್ತರದ ಎರಡರಷ್ಟು ಉದ್ದವಿರಲಿ, ತುದಿ ಬಳುಕಲಿ. ಹಿಂದೆ ದಾರಕ್ಕೆ ಹತ್ತಿಯ ನೂಲು ಅಥವಾ ಪುಂಡಿಯ ನಾರಿನ ಹುರಿ. ಈಗ ನೈಲಾನ್ ದಾರ ಎಲ್ಲ ಕಡೆ ಸಿಕ್ಕುತ್ತದೆ. ಮುಖ್ಯ ದಾರಕ್ಕೆ ೦.೩೫ ಮಿಲಿಮೀಟರ್ ದಪ್ಪದ್ದು, ಕವಲುಗಳಿಗೆ ೦.೨೫ರದ್ದು ಸಾಕು. ಬೆಂಡಿಗೆ ನಮ್ಮ ಹೊಲದಲ್ಲಿಯೇ ಸಾಮಾನಿದೆ. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಹಗುರವಾದ ಬಿಳಿಯ ಬೆಂಡು. ಹುಡುಗರು ಅದರಿಂದ ಬಂಡಿ, ಎತ್ತು ಮಾಡಿ ಆಡುವುದುಂಟು. ಅದರ ನಾಲ್ಕು ಬೆರಳಿನ ತುಂಡನ್ನು ಕರಗಿಸಿದ ಮೇಣದಲ್ಲಿ ಅದ್ದಿ ತೆಗೆಯಿರಿ. ಮೇಣವಿಲ್ಲದಿದ್ದರೆ ಬೆಂಡು ನೀರು ಕುಡಿದು ಗಂಟೆಯೊಳಗೆ ಮುಳುಗುತ್ತದೆ.

ಭಾರಕ್ಕೆ ಸೀಸವನ್ನು ಬಳಸುವುದು ಹಳೆಯ ರೂಢಿ. ಇದನ್ನು ಬಿಡಿರೆಂದು ಕೈಮುಗಿದು ಕೇಳುತ್ತೇನೆ. ಸೀಸ ವಿಷ. ಅದನ್ನು ಅಡಿಗೆಮನೆಯ ಒಲೆಯ ಮೇಲೆ ಕರಗಿಸುವುದಾಗಲಿ, ಹಲ್ಲಿನಿಂದ ಕಚ್ಚಿ ದಾರಕ್ಕೆ ಬಿಗಿಯುವುದಾಗಲಿ ಮಕ್ಕಳ ಮೈಗೆ ಒಳ್ಳೆಯದಲ್ಲ. ಇಂಗ್ಲೆಂಡಿನಲ್ಲಿ ಗಾಳದವರು ಚೆಲ್ಲಿದ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸತ್ತುದನ್ನು ಕಂಡು, ೧೯೮೭ರಲ್ಲಿ ಅಂಥ ಗುಂಡುಗಳ ಮಾರಾಟವನ್ನೇ ನಿಲ್ಲಿಸಿದರು. ನಮಗೆ ಸೀಸವೇಕೆ? ಸೈಕಲ್ ರಿಪೇರಿ ಅಂಗಡಿಯ ಹಳೆಯ ನಟ್ಟು ಸಾಕು; ಹೊಳೆಯ ದಂಡೆಯ ಉದ್ದನೆಯ ಕಲ್ಲು ಇನ್ನೂ ಸಾಕು.

ಗಾಳವನ್ನು ಅಂಗಡಿಯಿಂದ ಕೊಳ್ಳುವುದೇ ಮೇಲು. ಕೊಳ್ಳುವಾಗ ಒಂದು ಮಾತು. ಗಾಳದ ಅಂಕಿ ಹೆಚ್ಚಾದಷ್ಟೂ ಗಾಳ ಚಿಕ್ಕದಾಗುತ್ತದೆ. ಹತ್ತನೆಯ ನಂಬರಿಗಿಂತ ಆರನೆಯದು ದೊಡ್ಡದು. ಗಿರ್ಲುವಿಗೆ ಆರು ಅಥವಾ ಎಂಟನೆಯ ನಂಬರು ಸರಿ.

ಸೂಜಿಯಿಂದ ಗಾಳ ಮಾಡುವ ಹುಡುಗರೂ ಇದ್ದಾರೆ. ಹಾಗೆಯೇ ಬಾಗಿಸಿದರೆ ಸೂಜಿ ಲಟಕ್ಕನೆ ಮುರಿದು ತುಂಡು ಕಣ್ಣಿಗೆ ಹಾರೀತು. ಕಾರಣ, ಸೂಜಿ ಹದ ಕೊಟ್ಟ ಉಕ್ಕು. ಕಮ್ಮಾರನ ರೀತಿಯಲ್ಲಿ ನಡೆಯಬೇಕು. ಮೊದಲು ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ, ತಾನಾಗಿ ಆರಲು ಬಿಡಬೇಕು. ಆಗ ಅದು ಮೆತ್ತಗಾಗುತ್ತದೆ. ಮೆತ್ತಗಾದ ಮೇಲೆ ಬಾಗಿಸಬೇಕು. ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಡುಸಾಗುತ್ತದೆ, ಆದರೆ ಗಾಜಿನಂತೆ ಪೆಡಸು. ಕೊನೆಗೆ ಮೈಯುಜ್ಜಿ ಹೊಳಪು ತಂದು, ಮಂದ ಉರಿಯ ಮೇಲೆ ನೀಲಿ ಛಾಯೆ ಬರುವವರೆಗೆ ಮಾತ್ರ ಕಾಯಿಸಿದರೆ ಗಡುಸೂ ತಾಳಿಕೆಯೂ ಎರಡೂ ಬರುತ್ತವೆ. ದೊಡ್ಡವರು ಜೊತೆಯಲ್ಲಿ ಕುಳಿತು ಮಾಡಿಸಿದರೆ ಉಕ್ಕಿನ ಗುಣವನ್ನು ಕಲಿಸುವ ಒಳ್ಳೆಯ ಪಾಠವಾದೀತು. ಇಂಥ ಗಾಳಕ್ಕೆ ಒಳಮುಳ್ಳು ಇರುವುದಿಲ್ಲ. ಅದೇ ಒಂದು ಗುಣ. ಬೇಡವಾದ ಮೀನನ್ನು ನೋಯಿಸದೆ ಬಿಡಿಸಬಹುದು, ಬೆರಳಿಗೆ ಚುಚ್ಚಿದರೂ ಸುಲಭವಾಗಿ ಹೊರಬರುತ್ತದೆ. ಅಂಗಡಿಯ ಗಾಳದ ಒಳಮುಳ್ಳನ್ನೂ ಇಕ್ಕಳದಿಂದ ಒತ್ತಿ ಮಲಗಿಸಬಹುದು. ದಾರ ಸಡಿಲ ಬಿಡದೆ ಎಳೆದರೆ ಮೀನು ತಪ್ಪಿಸಿಕೊಳ್ಳುವುದು ಅಪರೂಪ.

ಇನ್ನು ಎರೆ. ಬೇಸಿಗೆಯಲ್ಲಿ ಎರೆಯ ನೆಲ ಬಿರಿದು ಹುಳುಗಳು ಆಳಕ್ಕೆ ಇಳಿಯುತ್ತವೆ. ಹೊಲದಲ್ಲಿ ಅಗೆದು ಫಲವಿಲ್ಲ. ಬಚ್ಚಲ ನೀರು ಹರಿಯುವ ಕಡೆ, ದನದ ಕೊಟ್ಟಿಗೆಯ ಹಿಂದೆ, ತಿಪ್ಪೆಯ ಅಡಿಯಲ್ಲಿ ಅವು ಸಿಕ್ಕುತ್ತವೆ. ಹಿಟ್ಟಿನ ಎರೆಯ ವಿಷಯದಲ್ಲಿ ತಾಯಂದಿರೇ ಗುರುಗಳು. ಜೋಳದ ಹಿಟ್ಟಿಗೆ ಜಿಗುಟು ಕಡಿಮೆಯೆಂದೇ ಅಲ್ಲವೆ ಅವರು ರೊಟ್ಟಿಗೆ ಬಿಸಿನೀರು ಹಾಕಿ ನಾದುವುದು? ಗಾಳಕ್ಕೂ ಅಷ್ಟೇ. ಬರಿಯ ಜೋಳದ ಹಿಟ್ಟು ನೀರಿನಲ್ಲಿ ಕದಡಿ ಹೋಗುತ್ತದೆ. ಎರಡು ಪಾಲು ಗೋದಿಯ ಹಿಟ್ಟಿಗೆ ಒಂದು ಪಾಲು ಕುಸುಬೆ ಅಥವಾ ಶೇಂಗಾ ಹಿಂಡಿಯ ಪುಡಿ, ಗುಲಗಂಜಿಯಷ್ಟು ಬೆಲ್ಲ, ಜೊತೆಗೆ ಸ್ವಲ್ಪ ಹತ್ತಿಯ ಎಳೆಗಳನ್ನು ಸೇರಿಸಿ ಗಟ್ಟಿಯಾಗಿ ನಾದಿರಿ. ಹಿಂಡಿಯ ವಾಸನೆ ಮೀನನ್ನು ಕರೆಯುತ್ತದೆ, ಗೋದಿಯ ಜಿಗುಟು ಹಿಟ್ಟನ್ನು ಹಿಡಿದಿಡುತ್ತದೆ, ಹತ್ತಿಯ ಎಳೆ ಅದನ್ನು ಗಾಳಕ್ಕೆ ಕಟ್ಟುತ್ತದೆ.

ಬೇಟೆಯಾಡುವ ಮೀನಿಗೆ ಹುಸಿ ಎರೆ. ಇದರಲ್ಲಿ ವಾಸನೆಯಿಲ್ಲ, ರುಚಿಯಿಲ್ಲ. ಹೊಳಪು ಮತ್ತು ಚಲನೆಗಳೇ ಎಲ್ಲ. ಅಮೆರಿಕದ ವರ್ಮಾಂಟಿನಲ್ಲಿ ಜೂಲಿಯೋ ಬ್ಯೂಯೆಲ್ ಎಂಬವನ ಕೈಯಿಂದ ಚಮಚವೊಂದು ಕೆರೆಗೆ ಜಾರಿ ಬಿದ್ದು, ಮಿನುಗುತ್ತ ಮುಳುಗುತ್ತಿರುವಾಗ ಮೀನೊಂದು ಬಂದು ಅದನ್ನು ಕಚ್ಚಿತೆಂದು ಕಥೆ ಹೇಳುತ್ತಾರೆ. ಕಥೆ ಹೇಗೇ ಇರಲಿ, ಅವನು ೧೮೫೨ರಲ್ಲಿ ಇಂಥ ಹುಸಿ ಎರೆಗೆ ಪೇಟೆಂಟು ಪಡೆದದ್ದು ನಿಜ.

ಚಮಚದ ಎರೆಯನ್ನು ನೀವೂ ಮಾಡಬಹುದು. ಹಳೆಯ ಸ್ಟೀಲ್ ಚಹಾ ಚಮಚದ ಹಿಡಿಯನ್ನು ಕತ್ತರಿಸಿ ತೆಗೆಯಿರಿ. ಅಂಚನ್ನು ಅರದಿಂದ ನುಣುಪು ಮಾಡಿರಿ. ಇಲ್ಲದಿದ್ದರೆ ಅದೇ ದಾರವನ್ನು ಕೊಯ್ಯುತ್ತದೆ. ಎರಡು ತುದಿಗಳಿಗೂ ಒಂದೊಂದು ರಂಧ್ರವನ್ನು ಕೊರೆಯಿಸಿರಿ. ಕಿರಿದಾದ ತುದಿಗೆ ದಾರ, ಅಗಲವಾದ ತುದಿಗೆ ಸಣ್ಣ ಬಳೆಯ ಮೂಲಕ ಗಾಳ. ನೀರಿಗೆಸೆದು ನಿಧಾನವಾಗಿ ಎಳೆದರೆ ಚಮಚದ ಹೊಟ್ಟೆಯ ಬಾಗು ನೀರನ್ನು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ತಳ್ಳುತ್ತದೆ. ಗಾಯಗೊಂಡ ಮೀನಿನ ಹಾಗೆ ಅದು ಓಲಾಡುತ್ತದೆ. ಬೇಗ ಎಳೆದರೆ ಓಲಾಟ ಹೋಗಿ ಗಿರಗಿರನೆ ತಿರುಗಿ ದಾರ ಹುರಿಗೊಳ್ಳುತ್ತದೆ. ಅದಕ್ಕಾಗಿ ದಾರಕ್ಕೂ ಚಮಚಕ್ಕೂ ನಡುವೆ ತಿರುಗುವ ಕೊಂಡಿಯೊಂದನ್ನು ಹಾಕುವುದು ಲೇಸು.

ಇನ್ನೊಂದು ಬಗೆ ಸೋಡಾ ಬಾಟಲಿಯ ತಗಡಿನ ಮುಚ್ಚಳದ್ದು. ಅದನ್ನು ನಡುವೆ ಮಡಿಸಿ, ಒಳಗೆ ಎರಡು ಸಣ್ಣ ಕಬ್ಬಿಣದ ಗುಂಡುಗಳನ್ನಿಟ್ಟು ಬಾಯಿ ಮುಚ್ಚಿ, ಎರಡು ತುದಿಗೂ ರಂಧ್ರ ಮಾಡಿದರೆ ಹೊಳೆಯುವುದರ ಜೊತೆಗೆ ಗಿಲಿಗಿಲಿ ಸದ್ದನ್ನೂ ಮಾಡುತ್ತದೆ. ರಾಡಿ ನೀರಿನಲ್ಲಿ ಕಣ್ಣಿಗಿಂತ ಸದ್ದೇ ಮೀನನ್ನು ಸೆಳೆಯುತ್ತದೆ. ಮೂರನೆಯದು ಸೈಕಲ್ ಟ್ಯೂಬಿನ ಕಪ್ಪೆ. ಬೆರಳುದ್ದದ ಹಗುರ ಕಟ್ಟಿಗೆಯ ತುಂಡಿಗೆ ಟ್ಯೂಬನ್ನು ಸುತ್ತಿ, ಹಿಂದೆ ಎರಡು ಪಟ್ಟಿಗಳನ್ನು ಕಾಲುಗಳಂತೆ ಇಳಿಬಿಟ್ಟು, ಗಾಳದ ಮೊನೆ ಬೆನ್ನಿನ ಕಡೆಗೆ ಬರುವಂತೆ ಕಟ್ಟಬೇಕು. ಮೊನೆ ಮೇಲಿದ್ದರೆ ಜೊಂಡಿಗೆ ಸಿಕ್ಕುವುದಿಲ್ಲ. ಕೊರವ ಮೀನಿಗೆ ಇದಕ್ಕಿಂತ ಒಳ್ಳೆಯದು ಬೇಡ.

ಈಗ ಜೋಡುಗಾಳ. ಒಂದೇ ದಾರಕ್ಕೆ ಎರಡು ಗಾಳ ಕಟ್ಟುವುದು ದುರಾಸೆಯೆಂದು ಕೆಲವರು ನಗುತ್ತಾರೆ. ನಿಜವಾದ ಉಪಯೋಗ ಬೇರೆಯೇ ಇದೆ. ಒಂದು ಗಾಳ ತಳದ ಬಳಿ, ಇನ್ನೊಂದು ಅದರ ಮೇಲೆ. ಒಂದಕ್ಕೆ ಹುಳು, ಇನ್ನೊಂದಕ್ಕೆ ಹಿಟ್ಟು. ಮೀನು ಈ ಹೊತ್ತು ಯಾವ ಆಳದಲ್ಲಿದೆ, ಏನನ್ನು ಬಯಸುತ್ತಿದೆ ಎಂಬುದನ್ನು ಜೋಡುಗಾಳ ಅರ್ಧ ಗಂಟೆಯಲ್ಲಿ ಹೇಳುತ್ತದೆ. ತಿಳಿದ ಮೇಲೆ ಬೇಕಾದರೆ ಒಂದನ್ನು ಬಿಚ್ಚಬಹುದು.

ಕಟ್ಟುವ ಕ್ರಮ ಹೀಗೆ. ಕಾಗದ ಸೀಸದಕಡ್ಡಿ ಇದ್ದವರು ಗುರುತು ಹಾಕಿಕೊಳ್ಳಬಹುದು. ಮುಖ್ಯ ದಾರದ ಕೆಳತುದಿಯಲ್ಲಿ ಒಂದು ಸಣ್ಣ ಕುಣಿಕೆ ಮಾಡಿರಿ. ಅದರಿಂದ ಅರ್ಧ ಗೇಣು ಮೇಲೆ ಒಂದು ಕುಣಿಕೆ, ಅಲ್ಲಿಂದ ಎರಡು ಗೇಣು ಮೇಲೆ ಇನ್ನೊಂದು ಕುಣಿಕೆ. ಈ ನಡುವಿನ ಕುಣಿಕೆಗಳು ದಾರದ ಮಗ್ಗುಲಿಗೆ ನೆಟ್ಟಗೆ ನಿಲ್ಲಬೇಕು. ಅದಕ್ಕೆ ದಾರವನ್ನು ಒಂದು ಸುತ್ತು ಬಳೆಯಾಗಿ ಹಿಡಿಯಿರಿ. ಎರಡು ದಾರಗಳು ಹಾಯುವ ಕಡೆ ಒಂದರ ಮೇಲೊಂದು ಆರೇಳು ಸಲ ಹೊಸೆಯಿರಿ. ಹೊಸೆದುದರ ಸರಿಯಾದ ನಡುವನ್ನು ಬಿಡಿಸಿ, ಬಳೆಯ ಎದುರು ಭಾಗವನ್ನು ಆ ಸಂದಿನಲ್ಲಿ ತೂರಿಸಿ, ಹಲ್ಲಿನಲ್ಲಿ ಹಗುರವಾಗಿ ಹಿಡಿದುಕೊಂಡು ಎರಡೂ ಕಡೆ ಎಳೆಯಿರಿ. ಎಳೆಯುವ ಮೊದಲು ಗಂಟನ್ನು ನೀರಿನಿಂದ ತೋಯಿಸುವುದನ್ನು ಮರೆಯಬೇಡಿ. ಒಣ ನೈಲಾನ್ ಉಜ್ಜಿದಾಗ ಕಾವೇರಿ ಗಂಟಿನಲ್ಲಿಯೇ ಬಲ ಕಳೆದುಕೊಳ್ಳುತ್ತದೆ.

ಆಮೇಲೆ ಕವಲುಗಳು. ತೆಳು ದಾರದ ತುಂಡಿಗೆ ಗಾಳ ಕಟ್ಟಬೇಕು. ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಬಂದ ತುದಿಯನ್ನು ಅದೇ ದಾರದ ಸುತ್ತ ಐದು ಸಲ ಸುತ್ತಿ, ಕಣ್ಣಿನ ಪಕ್ಕದಲ್ಲಿ ಉಳಿದ ಪುಟ್ಟ ಸಂದಿನಲ್ಲಿ ಹಿಂದಿರುಗಿಸಿ, ತೋಯಿಸಿ ಬಿಗಿಯಿರಿ. ಕವಲಿನ ಉದ್ದ ಅರ್ಧ ಗೇಣು ಮಾತ್ರ. ಇನ್ನೊಂದು ತುದಿಯನ್ನು ಮುಖ್ಯ ದಾರದ ಕುಣಿಕೆಗೆ ಸೇರಿಸಿರಿ. ಇಲ್ಲಿ ಒಂದು ಲೆಕ್ಕವಿದೆ: ಎರಡು ಕವಲುಗಳ ಉದ್ದವನ್ನು ಕೂಡಿಸಿದರೆ ಎಷ್ಟಾಗುವುದೋ ಅದಕ್ಕಿಂತ ಅವುಗಳ ನಡುವಣ ಅಂತರ ಹೆಚ್ಚಿರಬೇಕು. ನಮ್ಮ ಲೆಕ್ಕದಲ್ಲಿ ಕವಲುಗಳೆರಡೂ ಕೂಡಿ ಒಂದು ಗೇಣು, ಅಂತರ ಎರಡು ಗೇಣು. ಆದುದರಿಂದ ಒಂದು ಗಾಳ ಇನ್ನೊಂದನ್ನು ಮುಟ್ಟಲಾರದು. ಸಿಕ್ಕಾಗುವ ಮಾತೇ ಇಲ್ಲ.

ಕೊನೆಗೆ ಭಾರ. ಇದೇ ಎಲ್ಲಕ್ಕಿಂತ ಮುಖ್ಯ. ಕಲ್ಲನ್ನು ನೈಲಾನಿನಿಂದ ಕಟ್ಟಬೇಡಿರಿ. ಬಟ್ಟೆ ಹೊಲಿಯುವ ಸಾದಾ ಹತ್ತಿಯ ನೂಲಿನಿಂದ ಅರ್ಧ ಗೇಣು ಕೆಳಗೆ ಇಳಿಬಿಡಿ. ಏಕೆಂದು ಕೇಳಿ. ಮುಳುಗಿದ ಹಳೆಯ ಗಿಡಗಂಟಿ, ಕಲ್ಲುಸಂದುಗಳಲ್ಲಿ ಮೊದಲು ಸಿಕ್ಕಿಕೊಳ್ಳುವುದು ಕಲ್ಲು. ಕಲ್ಲಿನ ನೂಲು ಗಟ್ಟಿಯಾಗಿದ್ದರೆ ಮೇಲೆಲ್ಲೋ ಮುಖ್ಯ ದಾರ ಹರಿಯುತ್ತದೆ. ಆಗ ಎರಡು ಗಾಳಗಳು ಎರೆಯ ಸಮೇತ ನೀರಿನಲ್ಲಿಯೇ ಉಳಿಯುತ್ತವೆ. ಬಂದ ಮೀನು ಕಚ್ಚಿ, ಕಲ್ಲಿಗೆ ಕಟ್ಟಿದ ದನದಂತೆ ನಿಂತಲ್ಲೇ ಸುತ್ತಿ ಸುತ್ತಿ ಸಾಯುತ್ತದೆ. ಯಾರ ಊಟಕ್ಕೂ ಒದಗುವುದಿಲ್ಲ. ಆದುದರಿಂದ ಬಲದ ಕ್ರಮ ಹೀಗಿರಲಿ: ಎಲ್ಲಕ್ಕಿಂತ ದುರ್ಬಲ ಕಲ್ಲಿನ ನೂಲು, ಅದಕ್ಕಿಂತ ಗಟ್ಟಿ ಕವಲು, ಎಲ್ಲಕ್ಕಿಂತ ಗಟ್ಟಿ ಮುಖ್ಯ ದಾರ. ಕಲ್ಲು ಹೋದರೆ ಹೊಳೆಯ ಕಲ್ಲು ಹೊಳೆಗೆ ಸೇರಿತು, ಅಷ್ಟೇ.

ಮನೆ ಬಿಡುವ ಮೊದಲು ಪರೀಕ್ಷೆ ಮಾಡಿರಿ. ಗಾಳ ಸೇರಿಸುವ ಮುನ್ನ, ಐದು ಲೀಟರಿನ ಡಬ್ಬಿಗೆ ಅರ್ಧದಷ್ಟು ನೀರು ತುಂಬಿ, ಅಂದರೆ ಎರಡೂವರೆ ಕಿಲೋ ತೂಕವನ್ನು, ಮುಖ್ಯ ದಾರದಿಂದ ಎತ್ತಿ ನೋಡಿರಿ. ಗಂಟು ಜಾರುವುದಾದರೆ ಅಂಗಳದಲ್ಲಿಯೇ ಜಾರಲಿ. ಕೋಲಿನ ತುದಿಗೆ ಮೇಕೆಯ ಕೊರಳ ಸಣ್ಣ ಗೆಜ್ಜೆಯೊಂದನ್ನು ಕಟ್ಟಿದರೆ, ಸಂಜೆಯ ಮಬ್ಬಿನಲ್ಲಿ ಬೆಂಡು ಕಾಣದಿದ್ದರೂ ಮೀನು ಬಂದ ಸುದ್ದಿ ತಿಳಿಯುತ್ತದೆ.

ಜೋಡುಗಾಳದ ಅಪಾಯವನ್ನೂ ಹೇಳಬೇಕು. ಒಂದು ಗಾಳದಲ್ಲಿ ಮೀನು ಒದ್ದಾಡುತ್ತಿರುವಾಗ ಇನ್ನೊಂದು ಬರಿಗಾಳ ಗಾಳಿಯಲ್ಲಿ ಆಡುತ್ತಿರುತ್ತದೆ. ಮೀನಿಗೆ ಕೈ ಹಾಕುವ ಮುನ್ನ ಆ ಬರಿಗಾಳವನ್ನು ಹಿಡಿದು ಬೆಂಡಿಗೆ ಚುಚ್ಚಬೇಕು. ಈ ನಿಯಮವನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿರಿ. ಬೆರಳಿಗೆ ಚುಚ್ಚಿ ಒಳಮುಳ್ಳು ಚರ್ಮದೊಳಗೆ ಹೋದರೆ ಎಳೆಯಬೇಡಿ. ದಾರವನ್ನು ಕತ್ತರಿಸಿ, ಶುಭ್ರ ಬಟ್ಟೆ ಸುತ್ತಿ, ಆಸ್ಪತ್ರೆಗೆ ಹೋಗಿ ತೆಗೆಸಿ, ಧನುರ್ವಾಯುವಿನ ಚುಚ್ಚುಮದ್ದಿನ ವಿಷಯ ಕೇಳಿರಿ. ಕಣ್ಣಿಗೆ ತಗಲಿದರೆ ಗಾಳವನ್ನು ಮುಟ್ಟಲೇಬೇಡಿ. ಒತ್ತದೆ, ಮೇಲೊಂದು ಬಟ್ಟಲು ಮುಚ್ಚಿ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಗಿರ್ಲುವಿನ ಬೆನ್ನಿನಲ್ಲೂ ಎರಡು ಪಕ್ಕದಲ್ಲೂ ಮುಳ್ಳುಗಳಿವೆ; ದಪ್ಪ ಬಟ್ಟೆಯಿಂದಲೇ ಹಿಡಿಯಬೇಕು.

ಗಾಳಕ್ಕಿಂತ ನೀರೇ ದೊಡ್ಡ ಅಪಾಯ. ನಮ್ಮ ಮೇಲೆ ಮೋಡವಿಲ್ಲದಿದ್ದರೂ ಸಹ್ಯಾದ್ರಿಯಲ್ಲಿ ಮಳೆ ಬಿದ್ದರೆ ಕೃಷ್ಣೆ ಏರುತ್ತದೆ; ಆಲಮಟ್ಟಿಯ ಬಾಗಿಲು ತೆರೆದರೆ ಕೆಳಗೆ ದಂಡೆ ನೋಡನೋಡುತ್ತ ಮುಳುಗುತ್ತದೆ. ೨೦೧೯ರ ಆಗಸ್ಟಿನ ಕೃಷ್ಣೆಯನ್ನೂ, ೨೦೨೦ರ ಅಕ್ಟೋಬರಿನ ಭೀಮೆಯನ್ನೂ ದಂಡೆಯ ಊರಿನವರು ಮರೆತಿಲ್ಲ. ಸೈರನ್ ಕೇಳಿದರೆ, ಡಂಗುರ ಕೇಳಿದರೆ, ಗಾಳವನ್ನು ಅಲ್ಲಿಯೇ ಬಿಟ್ಟಾದರೂ ಮೇಲೆ ಬರಬೇಕು. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ನೀರಿಗೆ ಕಾಲು ಇಳಿಬಿಟ್ಟು ಕೂಡುವುದು, ಸಿಕ್ಕಿಬಿದ್ದ ಗಾಳ ಬಿಡಿಸಲು ನೀರಿಗಿಳಿಯುವುದು ಎರಡೂ ಸಲ್ಲ. ಐದು ರೂಪಾಯಿಯ ಗಾಳಕ್ಕಾಗಿ ಮನೆಯ ದೀಪ ಆರಬಾರದು.

ಇನ್ನು ಕೊನೆಯ ಮಾತು, ಸಂಯಮದ ಮಾತು. ಮಳೆಗಾಲ ಹಿಡಿದು ಹೊಸ ನೀರು ಬಂದಾಗ ಬಹಳ ಮೀನುಗಳು ಮೊಟ್ಟೆಯಿಡುತ್ತವೆ. ಹೊಟ್ಟೆ ಉಬ್ಬಿದ ತಾಯಿಮೀನು ಸಿಕ್ಕರೆ ಕೈಯನ್ನು ತೋಯಿಸಿಕೊಂಡು ಹಿಡಿದು ನೀರಿಗೆ ಬಿಡಿರಿ. ಒಣಗೈ ಅದರ ಮೈಯ ಲೋಳೆಯನ್ನು ಕೆಡಿಸುತ್ತದೆ. ಗಾಳ ನುಂಗಿದ್ದರೆ ಕೀಳಬೇಡಿ, ಬಾಯಿಯ ಹತ್ತಿರ ದಾರ ಕತ್ತರಿಸಿರಿ. ಕೊರವ ಮೀನಿನ ಸಂಗತಿ ಇನ್ನೂ ಗಮನಾರ್ಹ. ಜೊಂಡಿನ ನಡುವೆ ಕೆಂಪುಬಣ್ಣದ ನೂರಾರು ಮರಿಗಳು ಗುಂಪಾಗಿ ಮೇಲೆ ಬಂದು ಗಾಳಿ ಕುಡಿದು ಹೋಗುವುದನ್ನು ಕಂಡಿರಬಹುದು. ಅವುಗಳ ಕೆಳಗೆ ತಂದೆತಾಯಿ ಕಾವಲಿರುತ್ತವೆ. ಆ ಹೊತ್ತು ಮರಿಗಳ ಬಳಿ ಏನು ಬಿದ್ದರೂ ಅವು ಕಚ್ಚುತ್ತವೆ. ಹಸಿವೆಯಿಂದ ಕಚ್ಚುವುದಲ್ಲ, ಮಕ್ಕಳ ಮೇಲಿನ ಮಮತೆಯಿಂದ. ಹುಸಿ ಎರೆಗೆ ಅಷ್ಟು ಸುಲಭವಾದ ಬೇಟೆ ಬೇರೆಯಿಲ್ಲ. ಅಷ್ಟು ನಷ್ಟದ ಬೇಟೆಯೂ ಬೇರೆಯಿಲ್ಲ. ಕಾವಲು ಹೋದರೆ ಮರಿಗಳೆಲ್ಲ ಬೇರೆ ಮೀನುಗಳ ಪಾಲು. ಕೆಂಪು ಗುಂಪನ್ನು ಕಂಡಲ್ಲಿ ದಾರವನ್ನು ಸುತ್ತಿಕೊಳ್ಳಿರಿ. ಇದನ್ನು ಕಲಿತ ಹುಡುಗ ಗಾಳದ ವಿದ್ಯೆಯನ್ನು ಪೂರ್ತಿ ಕಲಿತಂತೆ.

ಹರಿದ ನೈಲಾನ್ ದಾರವನ್ನು ದಂಡೆಯಲ್ಲಿ ಬಿಸುಡಬಾರದು. ಪುಂಡಿಯ ನಾರು ಒಂದು ಮಳೆಗಾಲದಲ್ಲಿ ಕೊಳೆತು ಮಣ್ಣಾಗುತ್ತಿತ್ತು. ನೈಲಾನ್ ತಲೆಮಾರು ಕಳೆದರೂ ಹಾಗೆಯೇ ಇರುತ್ತದೆ. ಕೊಕ್ಕರೆ, ನೀರುಕಾಗೆಗಳ ಕಾಲಿಗೆ ಉರುಲಾಗುತ್ತದೆ, ಕರುವಿನ ಗೊರಸಿಗೆ ಸುತ್ತಿಕೊಳ್ಳುತ್ತದೆ. ಒಂದು ಖಾಲಿ ಡಬ್ಬಿಯನ್ನು ಜೊತೆಗೆ ಒಯ್ದು, ಹರಿದ ದಾರ, ಮುರಿದ ಗಾಳಗಳನ್ನು ಅದರಲ್ಲಿ ಹಾಕಿಕೊಂಡು ಮನೆಗೆ ತನ್ನಿರಿ.

ಹೊಳೆ ಎಲ್ಲರದಾದರೂ ಮೀನಿನ ಹಕ್ಕಿಗೆ ಕಟ್ಟಳೆಯುಂಟು. ಜಲಾಶಯಗಳಲ್ಲಿ, ಕೆರೆಗಳಲ್ಲಿ ಲೈಸೆನ್ಸು ಪಡೆದು, ಗುತ್ತಿಗೆ ಹಿಡಿದು ದುಡಿಯುವ ಮೀನುಗಾರರ ಕುಟುಂಬಗಳಿವೆ. ಅಂಬಿಗರ ಚೌಡಯ್ಯನ ಕಾಲದಿಂದಲೂ ನೀರನ್ನೇ ನಂಬಿದ ಜನ ಅವರು. ನಮಗೆ ಭಾನುವಾರದ ವಿನೋದವಾದುದು ಅವರಿಗೆ ಸೋಮವಾರದ ರೊಟ್ಟಿ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಎಲ್ಲಿ ಗಾಳ ಹಾಕಬಹುದು, ಯಾವ ತಿಂಗಳು ನಿಷೇಧ, ಅನುಮತಿ ಬೇಕೆ ಎಂಬುದನ್ನು ಮೊದಲೇ ಕೇಳಿಕೊಳ್ಳಿರಿ. ಅವರ ಬಲೆ ಹಾಸಿದ ಕಡೆ ಗಾಳ ಎಸೆಯಬೇಡಿ. ಒಂದು ಗಾಳ ಹೊಕ್ಕರೆ ಬಲೆಯ ಹತ್ತು ಕಣ್ಣು ಹರಿಯುತ್ತವೆ. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಕೊಲ್ಲುವುದನ್ನು ೧೮೯೭ರಷ್ಟು ಹಿಂದೆಯೇ ಕಾಯಿದೆ ತಡೆದಿದೆ. ಅಂಥದನ್ನು ಕಂಡರೆ ಸುಮ್ಮನಿರದೆ ತಿಳಿಸುವುದು ನಮ್ಮೆಲ್ಲರ ಕರ್ತವ್ಯ.

ಒಂದು ಬಿದಿರಿನ ಕೋಲು, ಒಂದು ಹಳೆಯ ಚಮಚ, ನಾಲ್ಕು ಮೊಳ ದಾರ, ಅಂಗೈಯಗಲದ ಹಿಟ್ಟು: ಇಷ್ಟರಿಂದ ಮನೆಯ ಹುಡುಗರು ಗಂಟಿನ ಲೆಕ್ಕವನ್ನೂ, ಉಕ್ಕಿನ ಹದವನ್ನೂ, ನೀರಿನ ಆಳವನ್ನೂ ಕಲಿಯಬಹುದು. ಕಲಿಸುವವರು ಪಕ್ಕದಲ್ಲಿ ಕುಳಿತಿರಬೇಕು, ಅಷ್ಟೇ. ಬರುವ ಸೂಟಿಯಲ್ಲಿ ಹುಡುಗರು ಹೊಳೆಗೆ ಹೊರಟರೆ ಗದರಿಸಿ ತಡೆಯಬೇಡಿ. ನೀವೂ ಜೊತೆಗೆ ಹೊರಡಿ. ಕತ್ತಲಾಗುವ ಮೊದಲು, ಒಯ್ದ ಗಾಳಗಳನ್ನು ಎಣಿಸಿಕೊಂಡು, ಎಲ್ಲರೂ ಕೂಡಿ ಮನೆಗೆ ಬನ್ನಿರಿ.